ಕ್ಯಾಡಿಲಾಕ್ ಕಾರಿನ ಎಡದೀಪ

ವೆಲ್ಡ್‌ಹೋವನ್‌ನ ಇಟ್ಟಿಗೆ ಬೀದಿ

ನೆದರ್ಲೆಂಡ್ಸಿಗೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಓಣಿಯವರು ಟುಲಿಪ್ ಹೂವಿನ ಫೋಟೊ ತೋರಿಸಿ ಎನ್ನುತ್ತಾರೆ. ನನ್ನ ಫೋನಿನಲ್ಲಿ ಟುಲಿಪ್ ಹೂವಿನವು ಎರಡೇ ಇವೆ, ಎರಡೂ ಅಲುಗಾಡಿವೆ. ಉಳಿದವೆಲ್ಲ ಒಂದು ಕಾರಿನವು. ಅದೂ ಆ ದೇಶದ ಕಾರಲ್ಲ, ಅಮೆರಿಕದ್ದು. ಅವುಗಳಲ್ಲಿ ಅರ್ಧಕ್ಕರ್ಧ ಆ ಕಾರಿನ ಹಿಂದಿನ ಎಡಗಡೆ ದೀಪದ ಫೋಟೊಗಳು. ಇದೇನಿದು ಎಂದು ಕೇಳಿದವರಿಗೆಲ್ಲ ಒಂದೊಂದು ತುಣುಕು ಹೇಳಿ ಸಾಕಾಗಿದೆ. ಪೂರ್ತಿ ಬರೆದೇ ಬಿಡೋಣವೆಂದು ಕುಳಿತಿದ್ದೇನೆ.

ನಾನು ಹುಬ್ಬಳ್ಳಿಯ ಒಂದು ಐಟಿಐನಲ್ಲಿ ಮೂವತ್ತೊಂದು ವರ್ಷ ಟರ್ನರ್ ವಿಭಾಗದಲ್ಲಿ ಕಲಿಸಿ ನಿವೃತ್ತಳಾದವಳು. ಲೇತ್ ಯಂತ್ರಕ್ಕೆ ಉಕ್ಕಿನ ಸರಳನ್ನು ಕಚ್ಚಿಸಿ, ಅದು ತಿರುಗುತ್ತಿರುವಾಗಲೇ ಬೇಕಾದ ಅಳತೆಗೆ ಕಡೆಯುವುದು ನಮ್ಮ ವಿದ್ಯೆ. ನನ್ನ ತಂಗಿಯ ಮಗಳು ಸುಧಾ, ಅವಳ ಗಂಡ ಮೈಸೂರಿನ ಪ್ರಸನ್ನ, ಇಬ್ಬರೂ ವೆಲ್ಡ್‌ಹೋವನ್‌ನಲ್ಲಿ ಚಿಪ್ ತಯಾರಿಸುವ ಯಂತ್ರಗಳ ಕಂಪನಿಯೊಂದರಲ್ಲಿ ಎಂಜಿನಿಯರುಗಳು. "ಮೌಶಿ, ರಿಟೈರ್ ಆದ ಮ್ಯಾಲೆ ಮನ್ಯಾಗ ಕುಂತು ಏನ್ ಮಾಡ್ತಿ? ಎರಡು ತಿಂಗಳು ಬಂದ್ ಹೋಗು" ಎಂದು ಸುಧಾ ಮೂರು ವರ್ಷದಿಂದ ಕರೆಯುತ್ತಿದ್ದಳು. ಏಪ್ರಿಲಿನಲ್ಲಿ ಹೋದೆ.

ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಸೈಕಲ್ ಹತ್ತಿ ಆಫೀಸಿಗೆ ಹೊರಟರೆ ಮನೆಯಲ್ಲಿ ನಾನೊಬ್ಬಳೇ. ಬೀದಿಯುದ್ದಕ್ಕೂ ಒಂದೇ ಅಳತೆಯ ಕೆಂಪು ಇಟ್ಟಿಗೆಯ ಮನೆಗಳು, ದೊಡ್ಡ ಗಾಜಿನ ಕಿಟಕಿಗಳು, ಪರದೆ ಎಂಬುದೇ ಇಲ್ಲ. ಮೊದಲ ವಾರ ನನಗೆ ಎದುರು ಮನೆಯ ಕಡೆ ನೋಡುವುದಕ್ಕೇ ಸಂಕೋಚವಾಗುತ್ತಿತ್ತು. ಅಲ್ಲಿ ಎತ್ತರದ ಮುದುಕರೊಬ್ಬರು ಒಬ್ಬರೇ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿರುತ್ತಿದ್ದರು. ಅವರೂ ನನ್ನನ್ನು ನೋಡುತ್ತಿರಬೇಕು. ಆದರೆ ನೋಡಿದಂತೆ ತೋರಿಸಿಕೊಳ್ಳಬಾರದು ಎಂಬುದು ಅಲ್ಲಿಯ ಮರ್ಯಾದೆ.

ಎರಡನೆಯ ಭಾನುವಾರ ಅವರು ಗ್ಯಾರೇಜಿನ ಬಾಗಿಲು ತೆರೆದು ಒಂದು ಕಾರನ್ನು ಹೊರಗೆ ತಂದರು. ತಂದರು ಎನ್ನುವುದಕ್ಕಿಂತ, ಅದು ಬರುತ್ತಲೇ ಇತ್ತು. ಮೂತಿ ಬಂತು, ಬಾನೆಟ್ ಬಂತು, ಬಾಗಿಲು ಬಂತು, ಇನ್ನೂ ಹಿಂಭಾಗ ಒಳಗೇ ಇತ್ತು. ತಿಳಿ ನೀಲಿ ಬಣ್ಣ. ಹಿಂದೆ ಎರಡೂ ಕಡೆ ಮೀನಿನ ರೆಕ್ಕೆಯಂತೆ ಮೇಲೆದ್ದ ಅಂಚು, ರೆಕ್ಕೆಯ ತುದಿಯಲ್ಲಿ ಕೆಂಪು ದೀಪ. ನಮ್ಮ ಓಣಿಯಲ್ಲಿ ಇಂಥದ್ದೊಂದು ಬಂದಿದ್ದರೆ ಚಕ್ರದಡಿ ನಿಂಬೆಹಣ್ಣು ಇಟ್ಟು, ಹೂ ಏರಿಸಿ, ನಾಲ್ಕು ಮನೆಯವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿರುತ್ತಿದ್ದರು. ಇಲ್ಲಿ ಪಕ್ಕದ ಮನೆಯ ಹೆಂಗಸು ನಾಯಿ ಹಿಡಿದುಕೊಂಡು ಬಂದವಳು 'ದಾಖ್' ಎಂದು ನಮಸ್ಕಾರ ಹೇಳಿ, ಕಾರಿನ ಕಡೆ ಕಣ್ಣು ಹಾಯಿಸದೆ ಹೋದಳು. ಎಲ್ಲರೂ ಸೈಕಲ್ಲಿನಲ್ಲಿ ಓಡಾಡುವ ಬೀದಿಯಲ್ಲಿ ಎರಡು ಕಾರಿನ ಜಾಗ ಹಿಡಿಯುವ ಕಾರು ಇಟ್ಟುಕೊಳ್ಳುವುದು, ಸಭೆಯಲ್ಲಿ ಜೋರಾಗಿ ಮಾತಾಡಿದಂತೆ ಎಂದು ನನಗೆ ಆಮೇಲೆ ಗೊತ್ತಾಯಿತು.

ನನಗೆ ತಡೆಯಲಿಲ್ಲ. ಚಪ್ಪಲಿ ಮೆಟ್ಟಿ ದಾಟಿ ಹೋದೆ. ಬಾಗಿಲಿಗೂ ಪಕ್ಕದ ತಗಡಿಗೂ ನಡುವಿನ ಸಂದಿನಲ್ಲಿ ಉಗುರು ಇಟ್ಟು ಮೇಲಿನಿಂದ ಕೆಳಗಿನವರೆಗೆ ಎಳೆದೆ. ಎಲ್ಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಇನ್ನೊಂದು ಬಾಗಿಲಿಗೂ ಹಾಗೇ ಮಾಡಿದೆ.

ಮುದುಕರು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು: "ಇದನ್ನು ನೋಡಿದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ರೆಕ್ಕೆ. ಸಂದು ನೋಡಿದವರು ನೀವೇ ಮೊದಲು."

ಹೆಸರು ಯೋಪ್. ನಲವತ್ತು ವರ್ಷ ಊರ ಬಸ್ಸು ಓಡಿಸಿದವರು. ಕಾರು ಕ್ಯಾಡಿಲಾಕ್, ಐವತ್ತರ ದಶಕದ್ದು. ಕೋಳಿ ಸಾಕುವ ಕೊಟ್ಟಿಗೆಯೊಂದರಲ್ಲಿ ತುಕ್ಕು ಹಿಡಿದು ಬಿದ್ದಿದ್ದನ್ನು ತಂದು, ಹೆಂಡತಿ ಆನಿಯ ಜೊತೆ ಸೇರಿ ಹದಿನಾಲ್ಕು ವರ್ಷ ಕಟ್ಟಿದ್ದರು. ಆನಿ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಕಾರು ಮಾತ್ರ ಬೀದಿಯ ತಿರುವು ದಾಟಿ ಇನ್ನೂ ಎಲ್ಲಿಗೂ ಹೋಗಿರಲಿಲ್ಲ.

ಯೋಪ್ ಮನೆಯ ಅಡುಗೆಮೇಜು

ಅವರ ಮನೆಗೆ ಸುಮ್ಮನೆ ಹೋಗುವಂತಿಲ್ಲ. 'ಅಫ್‌ಸ್ಪ್ರಾಕ್' ಬೇಕು. ಅಂದರೆ ಮೊದಲೇ ಗೊತ್ತುಮಾಡಿಕೊಂಡ ಭೇಟಿ. ಎದುರು ಮನೆಯವರು ಗೋಡೆಯ ಕ್ಯಾಲೆಂಡರಿನಲ್ಲಿ ಗುರುವಾರ ಹತ್ತೂವರೆ ಎಂದು ನನ್ನ ಹೆಸರು ಬರೆದುಕೊಂಡಾಗ ನಗು ಬಂತು. ಹತ್ತು ಮೂವತ್ತೊಂದಕ್ಕೆ ಕಿಟಕಿಯಿಂದ ನನ್ನ ಮನೆಯ ಕಡೆ ನೋಡುತ್ತಿದ್ದರೆಂದು ಅವರ ಬಾಯಿಂದಲೇ ಕೇಳಿದ ಸುಧಾ ಆಮೇಲೆ ಹೇಳಿದಾಗ ನಗು ನಿಂತಿತು. ನಾನು ಐದು ನಿಮಿಷ ತಡವಾಗಿ ಹೋಗಿದ್ದೆ.

ಕಾಫಿ ಕೊಟ್ಟರು. ಆಮೇಲೆ ಕಥೆ ಶುರು ಮಾಡಿದರು. ಬಸ್ಸು ಓಡಿಸಿದವರ ಮಾತು. ಒಂದೇ ವೇಗ, ನಿಲ್ದಾಣ ಬಂದಲ್ಲಿ ನಿಲುಗಡೆ.

ಕ್ಯಾಡಿಲಾಕ್ ಎಂಬುದು ಡೆಟ್ರಾಯಿಟ್ ಊರನ್ನು ನೆಲೆಗೊಳಿಸಿದ ಒಬ್ಬ ಫ್ರೆಂಚ್ ಮನುಷ್ಯನ ಹೆಸರು. ಆತ ತಾನು ದೊಡ್ಡ ಮನೆತನದವನೆಂದು ಹೇಳಿಕೊಳ್ಳುತ್ತಿದ್ದ, ವಂಶದ ಲಾಂಛನವನ್ನೂ ತಾನೇ ಹೊಂದಿಸಿಕೊಂಡಿದ್ದ ಎನ್ನುತ್ತಾರೆ. ಆ ಲಾಂಛನವೇ ಕಾರಿನ ಮೂತಿಯ ಮೇಲೆ ಕೂತಿದೆ. "ಲಾಂಛನ ಎರವಲು ತಂದದ್ದು. ಕಾರಿನ ಹೆಸರು ಮಾತ್ರ ದುಡಿದು ಗಳಿಸಿದ್ದು" ಎಂದರು ಯೋಪ್.

ದುಡಿದು ಗಳಿಸಿದ್ದು ಹೇಗೆ ಎಂಬುದನ್ನು ಕೇಳುತ್ತ ಕೇಳುತ್ತ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಕಂಪನಿಯನ್ನು ಕಟ್ಟಿದವರಲ್ಲಿ ಮುಖ್ಯನಾದವನು ಬಂದೂಕಿನ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡ ಒಬ್ಬ ಮಶಿನಿಸ್ಟ್. ನನ್ನ ಕಸುಬಿನವನು. ಆ ಕಾಲದಲ್ಲಿ ಕಾರೆಂದರೆ ಪ್ರತಿ ಭಾಗವನ್ನೂ ಅರದಿಂದ ಉಜ್ಜಿ ಉಜ್ಜಿ ಅದದರ ಜಾಗಕ್ಕೆ ಹೊಂದಿಸಬೇಕಿತ್ತು. ಒಂದು ಕಾರಿನ ಬೋಲ್ಟು ಅದೇ ಕಂಪನಿಯ ಇನ್ನೊಂದು ಕಾರಿಗೆ ಕೂರುತ್ತಿರಲಿಲ್ಲ. ಈ ಮಶಿನಿಸ್ಟ್ ತನ್ನ ಕಾರ್ಖಾನೆಯಲ್ಲಿ ಅದನ್ನು ಒಪ್ಪಲಿಲ್ಲ. ಒಮ್ಮೆ ಇಂಗ್ಲೆಂಡಿನ ಮೋಟಾರು ಸಂಘದವರು ಮೂರು ಕ್ಯಾಡಿಲಾಕ್ ಕಾರುಗಳನ್ನು ಆರಿಸಿ, ಪೂರ್ತಿ ಬಿಚ್ಚಿ, ಎಲ್ಲ ಭಾಗಗಳನ್ನೂ ಒಂದೇ ರಾಶಿ ಮಾಡಿ ಕಲಸಿದರು. ಕೆಲವನ್ನು ತೆಗೆದಿಟ್ಟು, ಬದಲಿಗೆ ಅಂಗಡಿಯ ಬಿಡಿಭಾಗಗಳನ್ನು ಹಾಕಿದರು. ಆ ರಾಶಿಯಿಂದ, ಅರ ಮುಟ್ಟದೆ, ಬರೀ ಸ್ಪ್ಯಾನರು ಮತ್ತು ಸ್ಕ್ರೂಡ್ರೈವರಿನಿಂದ ಮೂರು ಕಾರು ಮತ್ತೆ ಎದ್ದುನಿಂತವು. ಐನೂರು ಮೈಲಿ ಓಡಿದವು. ಅಲ್ಲಿಂದ ಮುಂದೆ ಕಂಪನಿ ತನ್ನನ್ನು 'ಜಗತ್ತಿನ ಮಾನದಂಡ' ಎಂದು ಕರೆದುಕೊಂಡಿತು.

ಮೂವತ್ತೊಂದು ವರ್ಷ ನಾನು ಕರಿಹಲಗೆಯ ಮೇಲೆ 'ಇಂಟರ್‌ಚೇಂಜೆಬಿಲಿಟಿ', ಅಂದರೆ ಒಂದರ ಭಾಗ ಇನ್ನೊಂದಕ್ಕೆ ಕೂರುವುದು, ಎಂದು ಬರೆದು, ಹುಡುಗರು ಅದನ್ನು ಉರುಹೊಡೆದು ಪರೀಕ್ಷೆಯಲ್ಲಿ ಬರೆಯುವುದನ್ನು ನೋಡಿದ್ದೇನೆ. ಆ ಒಣಗಿದ ಪದದ ಹಿಂದೆ ಮೂರು ಕಾರುಗಳ ರಾಶಿ ಇತ್ತೆಂದು ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಸೆಲ್ಫ್ ಸ್ಟಾರ್ಟರಿನ ಮಾತು ಬಂತು. ಆಗೆಲ್ಲ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡಬೇಕಿತ್ತು. ಕಂಪನಿಯ ಯಜಮಾನನ ಗೆಳೆಯನೊಬ್ಬ, ದಾರಿಯಲ್ಲಿ ಕೆಟ್ಟು ನಿಂತಿದ್ದ ಹೆಂಗಸಿನ ಕಾರಿಗೆ ಹ್ಯಾಂಡಲ್ ಹಾಕಲು ಹೋಗಿ, ಅದು ತಿರುಗಿ ಹೊಡೆದು, ಕೊನೆಗೆ ತೀರಿಕೊಂಡ ಎಂಬುದು ಕಥೆ. ಯಜಮಾನ ಹಟ ಹಿಡಿದ. ಗುಂಡಿ ಒತ್ತಿದರೆ ಚಾಲೂ ಆಗುವ ಎಂಜಿನ್ ಮೊದಲು ಬಂದದ್ದು ಕ್ಯಾಡಿಲಾಕ್‌ನಲ್ಲಿ. ನಮ್ಮಪ್ಪ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಲಾರಿ ಮೆಕ್ಯಾನಿಕ್ ಆಗಿದ್ದರು. ಹ್ಯಾಂಡಲ್ ತಿರುಗಿ ಹೊಡೆದು ಅವರ ಬಲಗೈ ಮಣಿಕಟ್ಟು ಮುರಿದಿತ್ತು. ಸಾಯುವವರೆಗೂ ಆ ಕೈಯಲ್ಲಿ ತಾಟು ಹಿಡಿದರೆ ಒಂದು ಕಡೆ ವಾಲುತ್ತಿತ್ತು. ಯೋಪ್‌ಗೆ ಅದನ್ನು ಹೇಳಿದೆ. ಅವರು ಬಿಸ್ಕತ್ತಿನ ಡಬ್ಬಿಯನ್ನು ಎರಡನೇ ಸಲ ತೆರೆದು ಮುಂದಿಟ್ಟರು. ಒಂದು ಕಪ್ ಕಾಫಿಗೆ ಒಂದೇ ಬಿಸ್ಕತ್ತು ಎನ್ನುವ ಆ ಊರಿನಲ್ಲಿ ಅದು ದೊಡ್ಡ ಮಾತು.

"ಈಗಲೂ ಹಾಗೇ ಹೆಸರಿದೆಯೆ?" ಎಂದು ಕೇಳಿದೆ.

ಯೋಪ್ ತಲೆ ಆಡಿಸಿದರು. "ಅಮೆರಿಕದಲ್ಲಿ ಯಾವುದೇ ವಸ್ತುವಿನಲ್ಲಿ ಎಲ್ಲಕ್ಕಿಂತ ಉತ್ತಮವಾದದ್ದನ್ನು 'ಇದು ಇದರಲ್ಲಿ ಕ್ಯಾಡಿಲಾಕ್' ಅನ್ನುತ್ತಾರೆ. ಮಾತು ಉಳಿದಿದೆ. ಕಾರು ನಡುವೆ ಎಷ್ಟೋ ವರ್ಷ ಸೋಮಾರಿಯಾಯಿತು. ದೊಡ್ಡದಾಗಿದ್ದರೆ ಸಾಕು ಅಂದುಕೊಂಡಿತು. ಜರ್ಮನಿಯವರು ಮುಂದೆ ಹೋದರು. ಈಗ ಬ್ಯಾಟರಿ ಕಾರು ಮಾಡಿ ಮತ್ತೆ ಹೆಸರು ಗಳಿಸಲು ನೋಡುತ್ತಿದೆ. ಹೆಸರು ಇಟ್ಟುಕೊಳ್ಳುವುದು ಸುಲಭದ ಕೆಲಸವಲ್ಲ."

ಹೊರಡುವಾಗ ಒಂದು ಕಾಗದ ತೋರಿಸಿದರು. ಮುಂದಿನ ವಾರದ ಶನಿವಾರ, ನೈಮೆಗನ್‌ನಲ್ಲಿ ನದಿಯ ದಂಡೆಯ ಮೇಲೆ, ಹಳೆಯ ಅಮೆರಿಕನ್ ಕಾರುಗಳ ಕೂಟ. ಆನಿ ಬದುಕಿದ್ದಾಗಲೇ ಹೆಸರು ಕೊಟ್ಟದ್ದು. "ನೀವು, ಸುಧಾ, ಪ್ರಸನ್ನ ಬರುವುದಾದರೆ ನಾನು ಹೋಗುತ್ತೇನೆ. ಒಬ್ಬನೇ ಆದರೆ ಹೋಗುವುದಿಲ್ಲ."

ಪೆಟ್ರೋಲ್ ಬಂಕು

ಶನಿವಾರದ ಮೊದಲು ಒಂದು ಸಲ ಹೆದ್ದಾರಿಯಲ್ಲಿ ಓಡಿಸಿ ನೋಡಬೇಕೆಂದು, ಆ ಗುರುವಾರದ ಸಂಜೆಯೇ ನನ್ನನ್ನೂ ಸುಧಾಳನ್ನೂ ಕೂರಿಸಿಕೊಂಡು ಹೊರಟರು. ಮುಂದಿನ ಸೀಟು ನಮ್ಮ ಮನೆಯ ಸೋಫಾದಷ್ಟು ಅಗಲ. ಸೈಕಲ್ ದಾರಿಯಲ್ಲಿ ಹೋಗುತ್ತಿದ್ದವರು, ಬೀದಿಯವರಂತಲ್ಲದೆ, ಹೆಬ್ಬೆರಳು ಎತ್ತಿ ತೋರಿಸಿದರು. ಯೋಪ್ ಕಿವಿ ಕೆಂಪಾಯಿತು.

ಬಂಕಿನಲ್ಲಿ ನಿಲ್ಲಿಸಿದಾಗ ನಾನು ಕಾರಿನ ಸುತ್ತ ಒಂದು ಸುತ್ತು ಹಾಕಿದೆ. ಪೆಟ್ರೋಲ್ ಹಾಕುವ ಮುಚ್ಚಳ ಎಲ್ಲೂ ಇಲ್ಲ. ನಮ್ಮ ಹಿಂದೆ ನಿಂತಿದ್ದ ವ್ಯಾನಿನವನೂ ಇಳಿದು ಬಂದು ಹುಡುಕಿದ. ಯೋಪ್ ಇದಕ್ಕಾಗಿಯೇ ಕಾಯುತ್ತಿದ್ದವರಂತೆ ಎಡಗಡೆ ರೆಕ್ಕೆಯ ಹತ್ತಿರ ಹೋದರು. ಕೆಂಪು ದೀಪದ ಕೆಳಗೆ ಒಂದು ಚಿಕ್ಕ ದುಂಡನೆಯ ಗುಂಡಿ. ಅದನ್ನು ಒತ್ತಿದರೆ ಇಡೀ ದೀಪವೇ ಮೇಲಕ್ಕೆ ಮಡಚಿಕೊಂಡು, ಅದರ ಹಿಂದೆ ಪೆಟ್ರೋಲಿನ ಬಾಯಿ ಕಾಣಬೇಕು. ಅಂಥ ಕಾರಿಗೆ ಹೊಟ್ಟೆಯ ತೂತು ಹೊರಗೆ ಕಾಣುವುದು ಅವಮಾನ ಎಂದು ಬಗೆದವರ ಕೆಲಸ ಅದು.

ಯೋಪ್ ಒತ್ತಿದರು. ದೀಪ ಅರ್ಧ ಎದ್ದಿತು. ಟಕ್ ಎಂದು ಸದ್ದಾಗಿ ಪಕ್ಕಕ್ಕೆ ವಾಲಿ, ವಿದ್ಯುತ್ತಿನ ತಂತಿಗೆ ಜೋತುಬಿತ್ತು. ನೆಲಕ್ಕೆ ಏನೋ ಉದುರಿತು.

ವ್ಯಾನಿನವನು ಏನೂ ಆಗಿಲ್ಲವೆಂಬಂತೆ ಹೋಗಿ ತನ್ನ ವ್ಯಾನಿನಲ್ಲಿ ಕೂತ. ಯೋಪ್ ದೀಪವನ್ನು ಅಂಗೈಯಲ್ಲಿ ಎತ್ತಿ ಹಿಡಿದು ನಿಂತೇ ಇದ್ದರು. ಸುಧಾ ತನ್ನ ಕೂದಲಿನ ರಬ್ಬರ್ ಬ್ಯಾಂಡ್ ಬಿಚ್ಚಿಕೊಟ್ಟಳು. ಅದರಿಂದ ದೀಪ ಬಿಗಿದು ಹೇಗೋ ಮನೆಗೆ ಬಂದೆವು.

"ಅಮೆರಿಕದಿಂದ ತರಿಸಲು ಮೂರು ವಾರ ಬೇಕು" ಎಂದರು ಯೋಪ್. "ಇರಲಿ. ಮುಂದಿನ ವರ್ಷ ಹೋದರಾಯಿತು."

ನಮ್ಮ ಮನೆಯೊಳಗೆ ಬಂದ ಮೇಲೆ ಸುಧಾ ಹೇಳಿದಳು: "ಹೋದ ವರ್ಷಾನೂ ಹಿಂಗ ಅಂದಿದ್ರು ಮೌಶಿ. ಆನಿ ಆಂಟಿಗೆ ಭಾಳ ಆಸೆ ಇತ್ತು. ಹುಷಾರಾದ ಮ್ಯಾಲೆ ಹೋಗೋಣು ಅಂತ ಬಿಟ್ರು. ಮುಂದಿನ ವರ್ಷ ಅಂದ್ರ ಇನ್ನ ಹೋಗೂದಿಲ್ಲ ಅವ್ರು."

ನೆಲದಿಂದ ಹೆಕ್ಕಿಕೊಂಡದ್ದು ನನ್ನ ಕೈಯಲ್ಲಿತ್ತು. ದೀಪದ ಕೀಲಿನ ಪಿನ್ನು, ಎರಡು ತುಂಡು. ಕನ್ನಡಕ ಏರಿಸಿ ನೋಡಿದೆ. ಮೈಮೇಲೆ ಅರದ ಗೆರೆಗಳು. ಒಂದು ತುದಿಯಲ್ಲಿ ಸವೆದ ಸ್ಕ್ರೂ ಸುತ್ತುಗಳ ಗುರುತು. ಇದು ಕಾರ್ಖಾನೆಯ ಪಿನ್ನಲ್ಲ. ಯಾವ ಕಾಲದಲ್ಲೋ ಯಾರೋ ಒಂದು ಬೋಲ್ಟನ್ನು ಉಜ್ಜಿ ತುರುಕಿದ್ದು.

ಮರುದಿನ ಅಫ್‌ಸ್ಪ್ರಾಕ್ ಇಲ್ಲದೆ ಹೋಗಿ ಹೇಳಿದೆ. ಪ್ರತಿ ಭಾಗವೂ ಮೂಲದ್ದೇ ಎಂದು ನಂಬಿದ್ದವರಿಗೆ ಅದು ದೀಪ ಬಿದ್ದದ್ದಕ್ಕಿಂತ ಹೆಚ್ಚು ನೋಯಿಸಿತು. "ಹಾಗಾದರೆ ಸರಿಯಾದ ಅಳತೆಯೂ ಗೊತ್ತಿಲ್ಲ" ಎಂದರು.

"ಗೊತ್ತಿದೆ. ಪಿನ್ನು ಸುಳ್ಳಾದರೂ ತೂತು ಸುಳ್ಳಲ್ಲ. ತೂತು ಕಾರ್ಖಾನೆಯದೇ" ಎಂದೆ. "ನನಗೊಂದು ಲೇತ್ ತೋರಿಸಿ."

ವಿಮ್ ಅವರ ಷೆಡ್ಡು

ಊರಿನ ಅಂಚಿನಲ್ಲಿ ನಿವೃತ್ತರು ಸೇರಿ ನಡೆಸುವ ದುರಸ್ತಿ ಷೆಡ್ಡೊಂದಿದೆ. ಯೋಪ್ ನನ್ನನ್ನೂ ರಜೆಯಲ್ಲಿದ್ದ ಸುಧಾಳನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಕೆಟ್ಟ ಇಸ್ತ್ರಿಪೆಟ್ಟಿಗೆ, ನಿಂತ ಗಡಿಯಾರ, ಕಾಲು ಮುರಿದ ಕುರ್ಚಿ ತಂದರೆ ಕೂಡಿ ಸರಿಮಾಡುತ್ತಾರೆ. ಎಸೆಯುವುದೆಂದರೆ ಆ ಮುದುಕರಿಗೆ ಸೋತಂತೆ. ಇದೊಂದು ವಿಷಯದಲ್ಲಿ ನನಗೆ ನಮ್ಮ ಊರಿನಲ್ಲೇ ಇದ್ದ ಹಾಗನಿಸಿತು.

ಮೂಲೆಯಲ್ಲಿ ಚೆನ್ನಾಗಿ ಎಣ್ಣೆ ಕುಡಿಸಿ ಇಟ್ಟಿದ್ದ ಒಂದು ಲೇತ್ ಇತ್ತು. ಅದನ್ನು ಕಾಯುವವರು ವಿಮ್. ದಪ್ಪ ಮೀಸೆಯ, ನಲವತ್ತು ವರ್ಷ ಅಚ್ಚುಗಳನ್ನು ಮಾಡಿದ ಮನುಷ್ಯ. ಷೆಡ್ಡಿನ ತರಬೇತಿ ಕಾರ್ಡ್ ಇಲ್ಲದವರು ಯಂತ್ರ ಮುಟ್ಟುವಂತಿಲ್ಲ ಎಂದರು. ನಾನು ಹೆಂಗಸೆಂದು ಹೇಳಿದರೋ, ನಿಯಮವೆಂದು ಹೇಳಿದರೋ ತಿಳಿಯಲಿಲ್ಲ. ನನ್ನ ನೌಕರಿಯ ಮೊದಲ ವರ್ಷ ಪ್ರಿನ್ಸಿಪಾಲರು ನನ್ನನ್ನು ಸ್ಟೋರ್ ರೂಮಿನಲ್ಲಿ ಕೂರಿಸಿದ್ದರು. ಉದ್ದ ಜಡೆಯವರಿಗೆ ಯಂತ್ರ ಅಪಾಯವಂತೆ. ನಾನು ಜಡೆಯನ್ನು ಟೋಪಿಯೊಳಗೆ ಸುತ್ತಿಕೊಂಡು ದಿನಾ ಬೆಳಿಗ್ಗೆ ಲೇತ್ ಮುಂದೆ ಹೋಗಿ ನಿಲ್ಲುತ್ತಿದ್ದೆ. ಎರಡು ತಿಂಗಳಾದ ಮೇಲೆ ಅವರಿಗೇ ಬೇಸರವಾಗಿ ಬಿಟ್ಟರು.

ಇಲ್ಲಿ ಅಷ್ಟು ದಿನ ಇರಲಿಲ್ಲ. ಯೋಪ್ ಡಚ್ಚಿನಲ್ಲಿ ಏನೇನೋ ಹೇಳಿದರು. ವಿಮ್ ನಿಟ್ಟುಸಿರು ಬಿಟ್ಟು, ಗೋಡೆಯ ಮೇಲಿನ ಸುರಕ್ಷತಾ ನಿಯಮಗಳನ್ನು ಓದಿ ಹೇಳಲು ತಿರುಗಿದರು. ಅವರು ಕನ್ನಡಕ ಹುಡುಕುವಷ್ಟರಲ್ಲಿ ನಾನು ಬಳೆ, ಉಂಗುರ ತೆಗೆದು ಸುಧಾಳ ಕೈಗೆ ಕೊಟ್ಟಿದ್ದೆ, ಸೆರಗು ಬಿಗಿದು ಸಿಕ್ಕಿಸಿದ್ದೆ, ತುರುಬು ಕಟ್ಟಿ ಕರವಸ್ತ್ರ ಸುತ್ತಿದ್ದೆ. ವಿಮ್ ತಿರುಗಿ ನೋಡಿದರು. ಓದಲಿಲ್ಲ. ಗೋಡೆಗೆ ನೇತುಹಾಕಿದ್ದ ಏಪ್ರನ್ ತೆಗೆದುಕೊಟ್ಟರು.

ಮೊದಲು ಕೀಲಿನ ತೂತು ಅಳೆದೆವು. "ನಾಲ್ಕು ಪಾಯಿಂಟ್ ಏಳು ಆರು ಮಿಲಿಮೀಟರ್" ಎಂದು ವಿಮ್ ಹುಬ್ಬು ಗಂಟಿಕ್ಕಿದರು. "ವಿಚಿತ್ರ ಅಳತೆ. ಸವೆದಿರಬೇಕು. ನಾಲ್ಕೂವರೆ ಇದ್ದದ್ದು ಹಿಗ್ಗಿದೆ."

"ಸವೆದಿಲ್ಲ" ಎಂದೆ. "ಇದು ಮಿಲಿಮೀಟರಿನ ದೇಶದ್ದಲ್ಲ. ಇಂಚಿನದು. ಹದಿನಾರು ಭಾಗ ಮಾಡಿ ಮೂರು ಭಾಗ. ಲೆಕ್ಕ ಹಾಕಿ ನೋಡಿ."

ವಿಮ್ ಫೋನಿನಲ್ಲಿ ಲೆಕ್ಕ ಹಾಕಿದರು. ಸರಿಯಾಗಿ ಅಷ್ಟೇ ಬಂತು. ಇಷ್ಟು ವರ್ಷ ಸುಳ್ಳು ಪಿನ್ನನ್ನು ಹೊತ್ತೂ ಆ ತೂತು ಹಿಗ್ಗಿರಲಿಲ್ಲ. ವಿಮ್ ಯೋಪ್ ಕಡೆ ನೋಡಿ ಡಚ್ಚಿನಲ್ಲಿ ಒಂದೇ ಒಂದು ಪದ ಹೇಳಿದರು. ಅದೇನೆಂದು ನಾನು ಕೇಳಲಿಲ್ಲ. ಧ್ವನಿಯಿಂದಲೇ ಗೊತ್ತಾಗಿತ್ತು.

ಇಷ್ಟು ಬೀಗಿದ್ದಕ್ಕೆ ತಕ್ಕದ್ದು ಮುಂದಿನ ಅರ್ಧ ಗಂಟೆಯಲ್ಲಿ ಆಯಿತು. ಯಂತ್ರದ ಹಿಡಿಯ ಮೇಲೆ ಗುರುತಿನ ಬಿಲ್ಲೆ ಇರುತ್ತದೆ. ನನ್ನ ಹುಬ್ಬಳ್ಳಿಯ ಲೇತಿನಲ್ಲಿ ಒಂದು ಗೆರೆ ತಿರುಗಿಸಿದರೆ ಸರಳಿನ ದಪ್ಪ ಒಂದು ಗೆರೆಯಷ್ಟು ಕಡಿಮೆಯಾಗುತ್ತದೆ. ಇಲ್ಲಿ ಒಂದು ಗೆರೆಗೆ ಎರಡರಷ್ಟು ಹೋಗುತ್ತಿತ್ತು. ನಾನು ಕೇಳಲಿಲ್ಲ, ನೋಡಲಿಲ್ಲ. ಕೊನೆಯ ಸಲ ಕಡೆದು ಅಳೆದಾಗ ಪಿನ್ನು ಸೂಜಿಯಾಗಿತ್ತು. ಮೊದಲ ವರ್ಷದ ಹುಡುಗರು ಮಾಡುವ ತಪ್ಪು. ಎಷ್ಟು ಹುಡುಗರಿಗೆ ಇದಕ್ಕಾಗಿ ಬೈದಿದ್ದೇನೋ. ಸುಧಾ ಮೆಲ್ಲಗೆ ಹೇಳಿದಳು: "ಮೌಶಿ, ಸಾಕಾಗಿದ್ರ ನಾಳೆ ಬರೋಣು."

"ನಾಳೆ ಬಂದ್ರ ಇದಾ ಕೈ ಅಲ್ಲೇನು" ಎಂದೆ.

ವಿಮ್ ನಗಲಿಲ್ಲ. ಹೋಗಿ ಇನ್ನೊಂದು ಉಕ್ಕಿನ ಸರಳು ಕತ್ತರಿಸಿ ತಂದು ನನ್ನ ಪಕ್ಕದಲ್ಲಿಟ್ಟರು. ಬಿಲ್ಲೆಯ ಮೇಲೆ ಸೀಮೆಸುಣ್ಣದಿಂದ '2×' ಎಂದು ಬರೆದರು. ಅಷ್ಟೇ. ಒಳ್ಳೆಯ ಮೇಷ್ಟ್ರು.

ಎರಡನೆಯದಕ್ಕೆ ಬಿಲ್ಲೆಯ ಒಂದೊಂದೇ ಗೆರೆ ಎಣಿಸುತ್ತ ನಿಂತೆ. ತಲೆ ಕಡೆದೆ, ಮೈ ಕಡೆದೆ, ತುದಿಗೆ ಕ್ಲಿಪ್ ಕೂರುವ ಕಿರಿದಾದ ತೋಡು ಕೊರೆದೆ. ಕೊನೆಯ ಪದರ ತೆಗೆಯುವಾಗ ಉಕ್ಕು ಕೂದಲಿನಂತೆ ಸುರುಳಿಸುರುಳಿಯಾಗಿ ಬಂತು. ಅರ ಮುಟ್ಟಲಿಲ್ಲ. ಯೋಪ್ ಕೈಗೆ ಕೊಟ್ಟೆ. ಅವರು ಷೆಡ್ಡಿನ ಹೊರಗೆ ನಿಂತಿದ್ದ ಕಾರಿನ ಹತ್ತಿರ ಹೋಗಿ ದೀಪವನ್ನು ಅದರ ಜಾಗದಲ್ಲಿ ಹಿಡಿದು, ಪಿನ್ನನ್ನು ತೂತಿಗೆ ಇಟ್ಟು ಹೆಬ್ಬೆರಳಿನಿಂದ ಒತ್ತಿದರು. ಅದು ಬೆಣ್ಣೆಯಲ್ಲಿ ಚಾಕು ಇಳಿದಂತೆ ಹೋಗಿ ಕೂತಿತು. ಗುಂಡಿ ಒತ್ತಿದರು. ದೀಪ ಮೇಲೆದ್ದು ನಿಂತಿತು. ಮುಚ್ಚಿದರು. ಮತ್ತೆ ಒತ್ತಿದರು. ಏಳೆಂಟು ಸಲ ಹಾಗೇ ಮಾಡಿದರು. ಆಮೇಲೆ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು.

ನಾನು ಯಂತ್ರ ನಿಲ್ಲಿಸಲಿಲ್ಲ. ಅದೇ ಅಳತೆಗೆ ಇನ್ನೊಂದು ಕಡೆದೆ. ಒಂದು ಸರಿ ಬಂದದ್ದು ಅದೃಷ್ಟವಿರಬಹುದು, ಎರಡು ಬಂದರೆ ಕೆಲಸ ಎಂದು ಹುಡುಗರಿಗೆ ಹೇಳುತ್ತಿದ್ದೆ. ಈಗ ನನಗೇ ಹೇಳಿಕೊಳ್ಳಬೇಕಿತ್ತು.

ಸಂಜೆ ಮನೆಯಲ್ಲಿ ಪ್ರಸನ್ನ ಆ ಎರಡನೆಯ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದ. "ಆಂಟಿ, ನಿಮ್ಮ ಒಂದು ಹಂಡ್ರೆಡ್ತ್ ಮಿಲಿಮೀಟರಲ್ಲಿ ನಮ್ ಆಫೀಸಿನ ಅಳತೆ ಪ್ರಕಾರ ಒಂದು ಊರೇ ಹಿಡಿಯುತ್ತೆ ಗೊತ್ತಾ" ಎಂದ. ಆಮೇಲೆ, "ಆದ್ರೆ ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ ಆಯ್ತು. ಕೈಯಲ್ಲಿ ಹಿಡ್ಕೊಂಡು ಇದು ನಾನು ಮಾಡಿದ್ದು ಅಂತ ತೋರಿಸೋ ಥರ ಒಂದೂ ಇಲ್ಲ ನೋಡಿ" ಎಂದು ಅದನ್ನು ಹುಷಾರಾಗಿ ನನ್ನ ಅಂಗೈಗೆ ಹಾಕಿದ.

ನೈಮೆಗನ್‌ಗೆ

ಕೂಟದ ಶನಿವಾರ ನಾಲ್ವರೂ ಹೊರಟೆವು. ಮುಂದಿನ ಸೀಟಿನಲ್ಲಿ ಯೋಪ್ ಪಕ್ಕ ನನ್ನನ್ನು ಕೂರಿಸಿದರು. ಸೀಟಿನ ಹೊಲಿಗೆ ಆನಿಯದು, ಆ ಬದಿಯಲ್ಲಿ ಹೊಲಿಗೆ ಸ್ವಲ್ಪ ಹೆಚ್ಚು ಒತ್ತಾಗಿತ್ತು. ತಾನು ಕೂರುವ ಜಾಗವೆಂದು ಗಟ್ಟಿ ಮಾಡಿಕೊಂಡಿದ್ದರಂತೆ.

ಮಾಸ್ ನದಿ ದಾಟಿದ ಮೇಲೆ ಯೋಪ್ ಹೆದ್ದಾರಿ ಬಿಟ್ಟು ದಂಡೆಯ ಮೇಲಿನ ಕಿರಿದಾದ ರಸ್ತೆಗೆ ಇಳಿಸಿದರು. ಒಂದು ಕಡೆ ನೀರು, ಇನ್ನೊಂದು ಕಡೆ ರಸ್ತೆಗಿಂತ ಕೆಳಗೆ ಹೊಲ, ಹಸು, ಮನೆಗಳ ಹೆಂಚು. ನೀರು ಮೇಲೆ, ಊರು ಕೆಳಗೆ. ಎಷ್ಟು ದಿನವಿದ್ದರೂ ನನಗೆ ಅದು ರೂಢಿಯಾಗಲಿಲ್ಲ. ಎದುರಿನಿಂದ ಟ್ರ್ಯಾಕ್ಟರ್ ಬಂತು. ನಮ್ಮ ಕಾರಿಗೇ ರಸ್ತೆ ಸಾಲದು. ನಮ್ಮಲ್ಲಾದರೆ ಇಬ್ಬರೂ ಹಾರ್ನ್ ಹೊಡೆದು, ಇಳಿದು, ಊರಿನ ಹೆಸರು ವಿಚಾರಿಸಿಕೊಳ್ಳುವವರೆಗೆ ಹೋಗುತ್ತಿತ್ತು. ಟ್ರ್ಯಾಕ್ಟರಿನವನು ಸುಮ್ಮನೆ ಕಾಲು ಕಿಲೋಮೀಟರ್ ಹಿಂದಕ್ಕೆ ಹೋಗಿ ದಾರಿ ಬಿಟ್ಟ. ನಾವು ದಾಟುವಾಗ ತಲೆಯ ಟೋಪಿ ತೆಗೆದ. ನಮಗಲ್ಲ, ಕಾರಿಗೆ.

ನೈಮೆಗನ್‌ನಲ್ಲಿ ವಾಲ್ ನದಿಯ ಪಕ್ಕದ ಹುಲ್ಲುಗಾವಲಿನಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಕಪ್ಪು, ಕೆನೆ, ತಿಳಿಗೆಂಪು. ನಾಯಿಗಳು, ಕುರ್ಚಿಗಳು, ಥರ್ಮಾಸ್ ಕಾಫಿ. ನಮ್ಮ ಪಕ್ಕದ ಜಾಗಕ್ಕೆ ಬಂದದ್ದು ಅದೇ ವರ್ಷದ ಇನ್ನೊಂದು ಕ್ಯಾಡಿಲಾಕ್, ಕಡುಹಸಿರು ಬಣ್ಣದ್ದು. ಓಡಿಸಿಕೊಂಡು ಬಂದವಳು ಫೆಮ್ಕೆ ಎಂಬ ನರ್ಸ್. ಉತ್ತರದ ಗ್ರೋನಿಂಗನ್‌ನಿಂದ ನಸುಕಿನಲ್ಲೇ ಹೊರಟವಳು. ಅಜ್ಜ ಬಿಟ್ಟುಹೋದ ಕಾರು. ಅದರ ಎಡದೀಪಕ್ಕೆ ಬಿಳಿ ಟೇಪ್ ಸುತ್ತಿತ್ತು.

ಯೋಪ್ ಟೇಪಿನ ಕಡೆ ನೋಡಿ ನನ್ನ ಕಡೆ ನೋಡಿದರು.

"ಕೀಲು ಮುರಿದಿದೆ. ಪೆಟ್ರೋಲ್ ಹಾಕುವಾಗಲೆಲ್ಲ ಬಿಚ್ಚಿ ಸುತ್ತಬೇಕು, ಆಸ್ಪತ್ರೆಯಿಂದ ಟೇಪ್ ತರುತ್ತೇನೆ" ಎಂದಳು ಫೆಮ್ಕೆ.

ನಾನು ಪರ್ಸಿನ ಜಿಪ್ಪಿನಿಂದ ಎರಡನೆಯ ಪಿನ್ನು ತೆಗೆದೆ. ಈ ಕಾರಿನ ತೂತನ್ನು ನಾನು ಅಳೆದಿರಲಿಲ್ಲ. ಅದು ಯಾವ ದಿನ, ಯಾರ ಕೈಯಲ್ಲಿ ಕೊರೆದದ್ದೋ. ಫೆಮ್ಕೆ ಟೇಪ್ ಬಿಚ್ಚಿದಳು. ಯೋಪ್ ದೀಪ ಹಿಡಿದರು. ನಾನು ಪಿನ್ನನ್ನು ಇಟ್ಟು ಹೆಬ್ಬೆರಳಿನಿಂದ ಒತ್ತಿದೆ. ಹೋಗಿ ಕೂತಿತು. ಹೆಚ್ಚಿಲ್ಲ, ಕಡಿಮೆಯಿಲ್ಲ. ಫೆಮ್ಕೆ ಗುಂಡಿ ಒತ್ತಿದಳು, ದೀಪ ಎದ್ದಿತು. ಅವಳು ನನ್ನನ್ನು ತಬ್ಬಿಕೊಂಡು ಮೂರು ಸಲ ಕೆನ್ನೆಗೆ ಕೆನ್ನೆ ಹಚ್ಚಿದಳು. ಎರಡನೆಯದಕ್ಕೇ ಮುಗಿಯಿತೆಂದು ನಾನು ಮುಖ ಹಿಂದಕ್ಕೆ ತೆಗೆದು ಅವಳ ಮೂಗಿಗೆ ಹಣೆ ಬಡಿಸಿದೆ.

ತೀರ್ಪುಗಾರರು

ಮಧ್ಯಾಹ್ನ ತೀರ್ಪುಗಾರರು ಬಂದರು. ಬಿಳಿ ಕೂದಲಿನ, ಕೈಯಲ್ಲಿ ಭೂತಗನ್ನಡಿ ಹಿಡಿದ ಮನುಷ್ಯ. ಎಂಜಿನ್ ಕೇಳಿದರು, ಸೀಟಿನ ಹೊಲಿಗೆ ನೋಡಿದರು, ಕಾರಿನ ಕೆಳಗೆ ಹುಲ್ಲಿನ ಮೇಲೆ ಅಂಗಾತ ಮಲಗಿ ನೋಡಿದರು. ಎಡದೀಪವನ್ನು ಎತ್ತಿ ಇಳಿಸಿ, ಕೀಲಿಗೆ ಗಾಜು ಹಿಡಿದು, ತಲೆದೂಗಿ, ಮುಂದಕ್ಕೆ ಹೋದರು. ಕೊನೆಗೆ ಹಾಳೆ ತೆಗೆದು, ಮೂಲದ್ದಲ್ಲದ ಭಾಗ ಯಾವುದಾದರೂ ಇದೆಯೇ ಎಂದು ಕೇಳಿದರು.

"ಒಂದು" ಎಂದರು ಯೋಪ್. "ಎಡದೀಪದ ಕೀಲಿನ ಪಿನ್ನು."

ತೀರ್ಪುಗಾರರು ಮತ್ತೆ ಹೋಗಿ ಗಾಜು ಹಿಡಿದು ನೋಡಿದರು. "ನನ್ನ ಕಣ್ಣಿಗೆ ಬೀಳಲಿಲ್ಲ. ನೀವು ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ."

"ಅದಕ್ಕೇ ಹೇಳಿದೆ" ಎಂದರು ಯೋಪ್. "ಯಾರಿಗೂ ತಿಳಿಯದ ಹಾಗೆ ಮಾಡಿದ್ದಾರೆ. ನಾನು ಹೇಳದಿದ್ದರೆ ಅವರ ಕೆಲಸ ಯಾರಿಗೂ ತಿಳಿಯುವುದಿಲ್ಲ."

"ಒಂದು ಅಂಕ ಕಳೆಯಬೇಕಾಗುತ್ತದೆ."

"ಕಳೆಯಿರಿ."

ಹಾಳೆಯಲ್ಲಿ 'ತಯಾರಕರು' ಎಂಬ ಖಾನೆಯಿತ್ತು. "ಗೊತ್ತಿಲ್ಲ ಎಂದು ಬರೆಯಲೇ?"

"ಗೊತ್ತಿದೆ. ಇಲ್ಲೇ ನಿಂತಿದ್ದಾರೆ."

ತೀರ್ಪುಗಾರರು ನನ್ನ ಕಡೆ ತಿರುಗಿದರು. ಸೀರೆ, ಮೇಲೆ ಸುಧಾಳ ಜಾಕೆಟ್ಟು, ಕಾಲಲ್ಲಿ ಪ್ರಸನ್ನನ ಉಣ್ಣೆಯ ಕಾಲುಚೀಲ. ಏನಂದುಕೊಂಡರೋ, ಪೆನ್ನು ಸರಿಮಾಡಿಕೊಂಡು ಬಹಳ ಗೌರವದಿಂದ ಹೆಸರು ಕೇಳಿದರು. ಸರಸ್ವತಿ ಬಡಿಗೇರ ಎಂದೆ. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅವರ ಬಾಯಲ್ಲಿ 'ಗ' ಗಂಟಲಿನಿಂದ ಬಂದು 'ಬಡಿಖೇರ' ಆಯಿತು. ಕೆಲಸ ಎಂದು ಕೇಳಿದಾಗ ಟರ್ನರ್ ಎಂದೆ. ನಿವೃತ್ತ ಎಂದು ಸೇರಿಸಲಿಲ್ಲ. ಊರು? ಹುಬ್ಬಳ್ಳಿ. ಅದಕ್ಕೆ ಎರಡು ಬಿ ಎಂದು ಸುಧಾ ಹೇಳಿಕೊಟ್ಟಳು.

ಪಕ್ಕದ ಸಾಲಿನಿಂದ ಫೆಮ್ಕೆ ಕೂಗಿ ಹೇಳಿದಳು: "ನನ್ನದಕ್ಕೂ ಅದೇ ಬರೆಯಿರಿ."

ಸಂಜೆ ಫಲಿತಾಂಶ ಹೇಳಿದರು. ಮೂರನೆಯ ಸ್ಥಾನಕ್ಕೆ ಯೋಪ್ ಕಾರು ಸರಿಯಾಗಿ ಒಂದು ಅಂಕದಿಂದ ತಪ್ಪಿತ್ತು. ಸುಧಾ ನನ್ನ ಕೈ ಹಿಡಿದುಕೊಂಡಳು. ಯೋಪ್ ಬಹುಮಾನ ಪಡೆದವರಿಗೆ ಚಪ್ಪಾಳೆ ತಟ್ಟಿ, ಮೇಜಿನ ಹತ್ತಿರ ಹೋಗಿ ತಮ್ಮ ಅಂಕಪಟ್ಟಿಯ ಪ್ರತಿಯನ್ನು ಕೇಳಿ ಪಡೆದುಕೊಂಡು ಬಂದರು. ಹದಿನಾಲ್ಕು ವರ್ಷದ ದುಡಿಮೆ ಒಂದು ಅಂಕಕ್ಕೆ ಹೋಯಿತಲ್ಲ ಎಂದು ನಾನು ಬಾಯಿ ತೆರೆಯುವ ಮೊದಲೇ, ಆ ಹಾಳೆಯನ್ನು ಕಾರಿನ ಮುಂದಿನ ಗಾಜಿನ ಒಳಗೆ, ಹೊರಗಿನವರಿಗೆ ಓದಲು ಬರುವಂತೆ ನಿಲ್ಲಿಸಿದರು. ನಾಲ್ಕೈದು ಜನ ಬಂದು ಬಾಗಿ ಓದಿದರು. ಯೋಪ್ ಅವರ ಪಕ್ಕದಲ್ಲಿ ಎದೆ ಸೆಟೆಸಿ ನಿಂತಿದ್ದರು.

ಮೂವತ್ತೊಂದು ವರ್ಷದಲ್ಲಿ ನಾನು ಸಾವಿರಾರು ಪಿನ್ನು, ಬುಶ್ಶು, ಬೋಲ್ಟು ಕಡೆದಿದ್ದೇನೆ. ಯಾವುದರ ಮೇಲೂ ಕಡೆದವರ ಹೆಸರು ಇರುವುದಿಲ್ಲ, ಇರಬೇಕೆಂದು ನನಗೆ ಅನಿಸಿಯೂ ಇರಲಿಲ್ಲ. ನಾನೂ ಹೋಗಿ ಆ ಗುಂಪಿನಲ್ಲಿ ನಿಂತೆ. ಕನ್ನಡಕ ಏರಿಸಿಕೊಂಡು ಎಲ್ಲರ ಹಾಗೆ ಬಾಗಿ, 'ತಯಾರಕರು' ಎಂಬ ಆ ಖಾನೆಯನ್ನು ಓದಿದೆ. ತಪ್ಪಿಲ್ಲದೆ ಬರೆದಿದ್ದರು.